ಹಳೆಯ ವಿಂಟೇಜ್ ಪೋರ್ಟ್: ಮುಪ್ಪು ಯಾವುದು, ಕೆಡುಕು ಯಾವುದು

ಅರವತ್ತು ವರ್ಷ ದಾಟಿದ ವಿಂಟೇಜ್ ಪೋರ್ಟ್ ಎಂಬ ಸಿಹಿ ವೈನಿನ ಬಾಟಲಿ ತೆರೆದು ಮೊದಲ ಗುಟುಕು ಬಾಯಿಗಿಟ್ಟವರಲ್ಲಿ ಹಲವರು ಮುಖ ಕಿವಿಚುತ್ತಾರೆ. ಮುಚ್ಚಿಟ್ಟ ಕೋಣೆಯ ವಾಸನೆ, ಮೂಗಿಗೆ ಹೊಡೆಯುವ ಸ್ಪಿರಿಟ್ಟಿನ ಘಾಟು, ಕಡುಗೆಂಪು ಇರಬೇಕಾದಲ್ಲಿ ಇಟ್ಟಿಗೆಯ ಬಣ್ಣ. ‘ಕೆಟ್ಟುಹೋಗಿದೆ’ ಎಂದು ಅಲ್ಲೇ ತೀರ್ಪಾಗುತ್ತದೆ. ಅದೇ ಲೋಟವನ್ನು ಮುಕ್ಕಾಲು ಗಂಟೆ ಬಿಟ್ಟು ಮೂಸಿದರೆ ಒಣ ಅಂಜೂರ, ಗುಲಾಬಿ ಎಸಳು, ದೇವದಾರು ಮರದ ಹೊಟ್ಟು ಒಂದೊಂದಾಗಿ ಮೇಲೆದ್ದು ಬರಬಹುದು. ಇದಕ್ಕೆ ತದ್ವಿರುದ್ಧವಾದ ತಪ್ಪೂ ಅಷ್ಟೇ ಸಾಮಾನ್ಯ: ನಿಜಕ್ಕೂ ಹಾಳಾದ ಬಾಟಲಿಯನ್ನು ‘ಹಳೆಯದಲ್ಲವೇ, ಹೀಗೇ ಇರುತ್ತದೆ’ ಎಂದು ಭಯಭಕ್ತಿಯಿಂದ ಕುಡಿದು ಮುಗಿಸುವುದು. ಹಳೆಯ ಪೋರ್ಟ್ ಸವಿಯುವ ವಿದ್ಯೆಯ ಬಹುಪಾಲು ಈ ಎರಡನ್ನು ಬೇರ್ಪಡಿಸುವುದರಲ್ಲೇ ಇದೆ. ಉಳಿದದ್ದು ತಾಳ್ಮೆ, ಮತ್ತು ಕೈ ನಡುಗದಂತೆ ಬಾಟಲಿ ಬಗ್ಗಿಸುವುದು.

ಬಾಟಲಿಯೊಳಗೆ ಏನಿದೆ

ಪೋರ್ಟ್ ಎಂದರೆ ಪೋರ್ಚುಗಲ್ ದೇಶದ ಉತ್ತರಕ್ಕಿರುವ ಡೌರೊ ನದಿ ಕಣಿವೆಯ ವೈನ್. ಮುಂದೆ ಪೊಂಬಾಲ್‌ನ ಮಾರ್ಕ್ವಿಸ್ ಎನಿಸಿಕೊಂಡ ಮಂತ್ರಿ 1756ರಲ್ಲೇ ಈ ಸೀಮೆಗೆ ಗಡಿ ಗೊತ್ತುಮಾಡಿದ. ಆಗ ನೆಟ್ಟ ಗ್ರಾನೈಟ್ ಗಡಿಕಲ್ಲುಗಳಲ್ಲಿ ಕೆಲವು ಇಂದಿಗೂ ನಿಂತಿವೆ. ದ್ರಾಕ್ಷಿಯನ್ನು ತುಳಿದು ಹುದುಗಲು ಬಿಡುತ್ತಾರೆ. ಎರಡು ಮೂರು ದಿನದಲ್ಲಿ, ಸಕ್ಕರೆ ಸುಮಾರು ಅರ್ಧ ಕರಗುವ ಹೊತ್ತಿಗೆ, 77 ಪ್ರತಿಶತ ಆಲ್ಕೋಹಾಲ್ ಇರುವ ದ್ರಾಕ್ಷಿ ಸ್ಪಿರಿಟ್ ಸುರಿಯುತ್ತಾರೆ. ಇದಕ್ಕೆ ಅಲ್ಲಿ ಅಗ್ವಾರ್ದೆಂತೆ ಎಂದು ಹೆಸರು. ಹಳೆಯ ಲೆಕ್ಕ 435 ಲೀಟರ್ ರಸಕ್ಕೆ 115 ಲೀಟರ್ ಸ್ಪಿರಿಟ್. ಎರಡೂ ಸೇರಿ 550 ಲೀಟರಿನ ಒಂದು ‘ಪೈಪ್’, ಅಂದರೆ ಒಂದು ಉದ್ದನೆಯ ಪೀಪಾಯಿ. ಸ್ಪಿರಿಟ್ ಬಿದ್ದೊಡನೆ ಯೀಸ್ಟ್ ಸಾಯುತ್ತದೆ, ಹುದುಗು ನಿಲ್ಲುತ್ತದೆ. ಲೀಟರಿಗೆ ಹೆಚ್ಚುಕಡಿಮೆ 100 ಗ್ರಾಂ ಸಕ್ಕರೆ ಉಳಿದುಬಿಡುತ್ತದೆ, ಆಲ್ಕೋಹಾಲ್ 20 ಪ್ರತಿಶತದ ಹತ್ತಿರ ನಿಲ್ಲುತ್ತದೆ.

ಇಲ್ಲಿಂದ ದಾರಿ ಎರಡಾಗುತ್ತದೆ. ಟಾನಿ ಪೋರ್ಟ್ ಮರದ ಪೀಪಾಯಿಯಲ್ಲೇ ಹತ್ತಾರು ವರ್ಷ ಗಾಳಿಯ ಜೊತೆ ಮಾತಾಡುತ್ತ ಮಾಗುತ್ತದೆ. ಬಾಟಲಿಗೆ ಬರುವಾಗಲೇ ಅದು ಸಿದ್ಧ. ವಿಂಟೇಜ್ ಪೋರ್ಟ್ ಹಾಗಲ್ಲ. ಒಂದೇ ವರ್ಷದ ಸುಗ್ಗಿಯಿಂದ ಆಯ್ದು, ಎರಡರಿಂದ ಮೂರು ವರ್ಷದೊಳಗೆ, ಸೋಸದೆ ಹಾಗೆಯೇ ಬಾಟಲಿಗೆ ತುಂಬಿದ್ದು. ಅದರ ಮಾಗುವಿಕೆಯೆಲ್ಲ ಗಾಜಿನೊಳಗೆ, ಗಾಳಿ ಅತಿ ಕಡಿಮೆ ಇರುವಲ್ಲಿ, ನಿಧಾನವಾಗಿ ನಡೆಯುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಟಾನಿಯಲ್ಲಿ ಮೆಚ್ಚಬೇಕಾದ ಅಕ್ರೋಟು, ಕ್ಯಾರಮೆಲ್ ಘಮವೇ ವಿಂಟೇಜ್‌ನಲ್ಲಿ ಮೇಲುಗೈ ಪಡೆದರೆ ಕಾರ್ಕ್ ಗಾಳಿ ಬಿಟ್ಟಿದೆ ಎಂಬ ಅನುಮಾನ ಬರಬೇಕು.

ಪ್ರತಿ ವರ್ಷ ವಿಂಟೇಜ್ ಇರುವುದಿಲ್ಲ. ಸುಗ್ಗಿ ಉತ್ತಮವೆನಿಸಿದಾಗ ಮಾತ್ರ ಪೋರ್ಟ್ ಮನೆತನಗಳು, ಅಂದರೆ ಪೋರ್ಟ್ ತಯಾರಿಸುವ ಸಂಸ್ಥೆಗಳು, ಅದನ್ನು ‘ಘೋಷಿಸುತ್ತವೆ’. ಸಾಮಾನ್ಯವಾಗಿ ದಶಕಕ್ಕೆ ಮೂರು ಸಲ. 1927, 1945, 1955, 1963, 1970, 1977 ಹೆಸರಾದ ವರ್ಷಗಳು. 1931ರದು ವಿಚಿತ್ರ ಕಥೆ: ವೈನ್ ಅದ್ಭುತ, ಆದರೆ 1927ರ ಸರಕೇ ಗೋದಾಮುಗಳಲ್ಲಿ ತುಂಬಿತ್ತು, ಮೇಲಿಂದ ಆರ್ಥಿಕ ಕುಸಿತ. ಹೆಚ್ಚಿನವರು ಘೋಷಿಸಲೇ ಇಲ್ಲ. ಘೋಷಿಸಿದ ಕೆಲವರಲ್ಲಿ ಕಿಂತಾ ದೊ ನೊವಾಲ್ ಒಂದು, ಅದರ ಹೆಸರು ಗಟ್ಟಿಯಾದದ್ದು ಆ ಒಂದು ವರ್ಷದಿಂದಲೇ.

ಇನ್ನೊಂದು ಸಂಗತಿ ಕೊಳ್ಳುವವರಿಗೆ ತಿಳಿದಿರಬೇಕು. 1970ರ ಸುಗ್ಗಿಯವರೆಗೂ ಬಹಳಷ್ಟು ವಿಂಟೇಜ್ ಪೋರ್ಟ್ ಪೀಪಾಯಿಯಲ್ಲೇ ಬ್ರಿಟನ್ನಿಗೆ ಹೋಗಿ, ಅಲ್ಲಿಯ ವ್ಯಾಪಾರಿಗಳ ನೆಲಮಾಳಿಗೆಯಲ್ಲಿ ಬಾಟಲಿಗೆ ತುಂಬುತ್ತಿತ್ತು. ಆಮೇಲೆ ಪೋರ್ಚುಗಲ್‌ನಲ್ಲೇ ತುಂಬಬೇಕೆಂಬ ನಿಯಮ ಬಂತು. ಹಾಗಾಗಿ ಒಂದೇ ಮನೆತನದ, ಒಂದೇ ವರ್ಷದ ಎರಡು ಬಾಟಲಿಗಳು ಎರಡು ಬೇರೆ ಕೈಗಳಲ್ಲಿ, ಬೇರೆ ಬೇರೆ ಕಾರ್ಕ್‌ ಹಾಕಿಸಿಕೊಂಡಿರಬಹುದು. ಅರವತ್ತು ವರ್ಷದ ಬಳಿಕ ಅವುಗಳ ರುಚಿ ಅಣ್ಣತಮ್ಮಂದಿರಷ್ಟೇ ಹತ್ತಿರ, ಅಷ್ಟೇ ದೂರ.

ಗಸಿ ಏಕೆ ಕಟ್ಟುತ್ತದೆ

ಎಳೆಯ ವಿಂಟೇಜ್ ಪೋರ್ಟ್ ಮಸಿಯಷ್ಟು ಕಪ್ಪು, ಬಾಯಿ ಕಟ್ಟುವಷ್ಟು ಒಗರು. ಬಣ್ಣ ಕೊಡುವುದು ಆಂಥೋಸಯನಿನ್, ಒಗರು ಕೊಡುವುದು ಟ್ಯಾನಿನ್. ವರ್ಷಗಳು ಕಳೆದಂತೆ ಈ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ದೊಡ್ಡ ಸರಪಳಿಗಳಾಗುತ್ತವೆ. ಸುರಿದ ಸ್ಪಿರಿಟ್ಟಿನ ಜೊತೆ ಬಂದ ಅಸಿಟಾಲ್ಡಿಹೈಡ್ ಈ ಹೆಣಿಗೆಗೆ ಕೊಂಡಿಯಾಗುತ್ತದೆ. ಸರಪಳಿ ತೀರ ದೊಡ್ಡದಾದಾಗ ವೈನ್ ಅದನ್ನು ಹೊರಲಾರದು; ಅದು ಕೆಳಗಿಳಿದು ಗಾಜಿಗೆ ಅಂಟಿಕೊಳ್ಳುತ್ತದೆ. ಅದೇ ಗಸಿ, ಇಂಗ್ಲಿಷರ ಬಾಯಲ್ಲಿ ‘ಕ್ರಸ್ಟ್’. ಅಂದರೆ ಬಾಟಲಿಯ ಪಕ್ಕಕ್ಕೆ ಮೆತ್ತಿಕೊಂಡಿರುವ ಆ ಕಂದು ಪದರ ಬೇರೇನಲ್ಲ, ಒಂದು ಕಾಲಕ್ಕೆ ವೈನಿನಲ್ಲಿದ್ದ ಬಣ್ಣ ಮತ್ತು ಒಗರು. ಮೇಲೆ ಉಳಿದದ್ದು ತಿಳಿಯಾಗುತ್ತ, ನುಣುಪಾಗುತ್ತ ಹೋಗುತ್ತದೆ. ತೀರ ಹಳೆಯ ಬಾಟಲಿಗಳಲ್ಲಿ ಇದು ಪಾರದರ್ಶಕ ಚೂರುಗಳಾಗಿ ತೇಲುವುದೂ ಉಂಟು. ಬೆಳಕಿಗೆ ಹಿಡಿದರೆ ಮಿನುಗುವ ಈ ಚೂರುಗಳಿಗೆ ಜೇನ್ನೊಣದ ರೆಕ್ಕೆ ಎಂದೇ ಹೆಸರು ಬಿದ್ದಿದೆ.

ಸಕ್ಕರೆ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಅದನ್ನು ತಿನ್ನಲು ಬದುಕಿರುವ ಯೀಸ್ಟ್ ಒಳಗಿಲ್ಲ. ಆಲ್ಕೋಹಾಲೂ ಬಹುತೇಕ ಇದ್ದಷ್ಟೇ ಇರುತ್ತದೆ. ಕ್ಷೀಣಿಸುವುದು ಹಣ್ಣಿನ ರುಚಿ ಮತ್ತು ಮೈತುಂಬುವ ಗಾತ್ರ. ಈ ಒಂದು ಮಾತು ನೆನಪಿದ್ದರೆ ಹಳೆಯ ಪೋರ್ಟಿನ ಅರ್ಧ ಒಗಟು ಬಿಡಿಸಿದಂತೆ. ನಡುವಿನ ಹಣ್ಣು ಸವೆದಂತೆ, ಅದರ ಮರೆಯಲ್ಲಿದ್ದ ಸ್ಪಿರಿಟ್ ಮುಂದೆ ಬರುತ್ತದೆ. ಸ್ಪಿರಿಟ್ ಹೆಚ್ಚಾದಂತೆ ಕಾಣುತ್ತದೆ. ನಿಜದಲ್ಲಿ ಅದನ್ನು ಮುಚ್ಚಿದ್ದ ಹೊದಿಕೆ ತೆಳ್ಳಗಾಗಿದೆ.

ತೆರೆಯುವ ಮುನ್ನ

ಮೊದಲು ಮಟ್ಟ ನೋಡಬೇಕು. ವೈನ್ ಕತ್ತಿನೊಳಗೆ ಅಥವಾ ಕತ್ತಿನ ಬುಡದಲ್ಲಿದ್ದರೆ ಐವತ್ತು ಅರವತ್ತು ವರ್ಷದ ಬಾಟಲಿಗೆ ಅತ್ಯುತ್ತಮ. ಹೆಗಲಿನ ಮೇಲ್ಭಾಗದಲ್ಲಿದ್ದರೆ ವಯಸ್ಸಿಗೆ ತಕ್ಕದ್ದು. ಹೆಗಲಿನ ಮಧ್ಯಕ್ಕೆ ಇಳಿದಿದ್ದರೆ ಜೂಜು. ಅದಕ್ಕೂ ಕೆಳಗಾದರೆ ಆಸೆ ಬಿಡುವುದು ಲೇಸು, ಆದರೂ ಸಕ್ಕರೆ ಮತ್ತು ಆಲ್ಕೋಹಾಲಿನ ಕಾವಲಿರುವುದರಿಂದ ಪೋರ್ಟ್ ಸಾಮಾನ್ಯ ವೈನಿಗಿಂತ ಹೆಚ್ಚು ತಾಳಿಕೊಳ್ಳುತ್ತದೆ. ಕಾರ್ಕ್ ಮೇಲಿನ ಮುಚ್ಚಿಗೆ ಅಂಟಂಟಾಗಿದ್ದರೆ, ಸಕ್ಕರೆ ಒಸರಿದ ಗುರುತಿದ್ದರೆ, ಎಂದೋ ಒಮ್ಮೆ ಸೆಖೆಗೆ ಸಿಕ್ಕಿದೆ ಎಂದೇ ತಿಳಿಯಬೇಕು. ಲೇಬಲ್ ಇಲ್ಲದಿದ್ದರೆ ಗಾಬರಿ ಬೇಡ. ನೆಲಮಾಳಿಗೆಯ ತೇವಕ್ಕೆ ಲೇಬಲ್ ಕೊಳೆತುಹೋಗುವುದು ಮಾಮೂಲು. ಮನೆತನದ ಹೆಸರು ಮತ್ತು ಇಸವಿ ಸಾಮಾನ್ಯವಾಗಿ ಕಾರ್ಕ್ ಮೈಮೇಲೆ ಸುಟ್ಟೊತ್ತಿರುತ್ತವೆ. ಆದ್ದರಿಂದಲೇ ಕಾರ್ಕ್ ಪುಡಿಯಾದರೂ ಚೂರುಗಳನ್ನು ಎಸೆಯದೆ ಜೋಡಿಸಿ ನೋಡಬೇಕು.

ಹಳೆಯ ಬಾಟಲಿಗಳ ಒಂದು ಪಕ್ಕದಲ್ಲಿ ಬಿಳಿ ಬಣ್ಣದ ಒಂದು ಬಳಿತ ಕಾಣುತ್ತದೆ. ಕೊಳೆಯೆಂದು ಉಜ್ಜಿ ತೆಗೆಯಬೇಡಿ. ಅಡ್ಡ ಮಲಗಿಸುವಾಗ ಆ ಗುರುತು ಮೇಲ್ಮುಖವಾಗಿರಬೇಕು, ಆಗ ಗಸಿ ಅದರ ಎದುರು ಪಕ್ಕದಲ್ಲಿ ಕೂರುತ್ತದೆ. ಬಗ್ಗಿಸುವಾಗಲೂ ಅದೇ ನಿಯಮ: ಬಿಳಿ ಗುರುತು ಮೇಲೆ, ಗಸಿ ಕೆಳಗೆ.

ಬಾಟಲಿಯನ್ನು ನೆಟ್ಟಗೆ ನಿಲ್ಲಿಸಲು ಕನಿಷ್ಠ 24 ಗಂಟೆ ಬೇಕು. ಅರವತ್ತು ದಾಟಿದ್ದಕ್ಕೆ ಎರಡು ಮೂರು ದಿನ ಕೊಡುವುದು ಒಳ್ಳೆಯದು, ಏಕೆಂದರೆ ಸಡಿಲಗೊಂಡ ನವಿರು ಗಸಿ ತಳ ಸೇರಲು ನಿಧಾನ. ಹಿಂದಿನ ದಿನ ಕಾರಿನ ಡಿಕ್ಕಿಯಲ್ಲಿ ಕುಲುಕಿ ತಂದ ಬಾಟಲಿಗೆ ಒಂದು ವಾರವೇ ಬೇಕಾಗಬಹುದು. ಅಷ್ಟು ವೇಳೆ ಇಲ್ಲವೆಂದರೆ ನೆಟ್ಟಗೆ ನಿಲ್ಲಿಸುವ ಗೋಜಿಗೇ ಹೋಗದೆ, ಮಲಗಿದ್ದ ಭಂಗಿಯಲ್ಲೇ ಬುಟ್ಟಿಯಲ್ಲಿಟ್ಟು ತಂದು ಬಗ್ಗಿಸುವುದು ವಾಸಿ. ಅರೆಮನಸ್ಸಿನಿಂದ ಎರಡು ಗಂಟೆ ನಿಲ್ಲಿಸಿದರೆ ಗಸಿಯೆಲ್ಲ ಮಧ್ಯದಲ್ಲಿ ತೇಲುತ್ತಿರುತ್ತದೆ.

ಕಾರ್ಕ್ ಎಂಬ ಕಂಟಕ

ಪೋರ್ಟ್ ಬಾಟಲಿಯ ಕತ್ತು ನಡುವೆ ಸ್ವಲ್ಪ ಉಬ್ಬಿರುತ್ತದೆ. ದಶಕಗಳಲ್ಲಿ ಕಾರ್ಕ್ ಆ ಉಬ್ಬಿನೊಳಗೆ ಹರಡಿಕೊಂಡು ಕೂತಿರುತ್ತದೆ, ಕೆಳತುದಿ ನೆನೆದು ಮೆತ್ತಗಾಗಿರುತ್ತದೆ, ಮೇಲ್ತುದಿ ಒಣಗಿ ಪುಡಿಯಾಗಿರುತ್ತದೆ. ಸಾಮಾನ್ಯ ಸ್ಕ್ರೂ ತಿರುಗಿಸಿ ಎಳೆದರೆ ನಡುವಿನ ತಿರುಳಷ್ಟೇ ಕಿತ್ತು ಬರುತ್ತದೆ, ಸುತ್ತಲಿನದು ಗಾಜಿಗೆ ಅಂಟಿಕೊಂಡೇ ಇರುತ್ತದೆ. ಉದ್ದನೆಯ ಸ್ಕ್ರೂವನ್ನು ಕಾರ್ಕಿನ ತಳದವರೆಗೆ ಇಳಿಸಿ, ಜೊತೆಗೆ ಎರಡು ತೆಳು ಅಲಗುಗಳ ಉಪಕರಣವನ್ನು ಅಂಚಿನಲ್ಲಿ ಸರಿಸಿ, ತಿರುಗಿಸುತ್ತ ಮೇಲೆತ್ತಿದರೆ ಬಹಳ ಸಲ ಇಡಿಯಾಗಿ ಬರುತ್ತದೆ. ಮುರಿದರೂ ಒಳಗೆ ತಳ್ಳಬಾರದು. ಕಾರ್ಕ್ ವೈನಿಗೆ ಬಿದ್ದ ರಭಸಕ್ಕೆ ಎರಡು ದಿನ ಕಾದು ಇಳಿಸಿದ ಗಸಿ ಮೇಲೇಳುತ್ತದೆ.

ತೀರ ಹಳೆಯದಕ್ಕೆ ಕೆಂಡದಿಕ್ಕಳವೇ ಸರಿ. ಇದರ ತುದಿಯಲ್ಲಿ ಬಾಟಲಿಯ ಕತ್ತನ್ನು ಸುತ್ತಿ ಹಿಡಿಯುವ ಎರಡು ಅರೆವೃತ್ತಗಳಿರುತ್ತವೆ. ಮೊದಲು ಕತ್ತಿನ ಮೇಲಿನ ಮೇಣ, ಮುಚ್ಚಿಗೆ ಎಲ್ಲ ತೆಗೆದು ಒರೆಸಬೇಕು. ಇಕ್ಕಳದ ತುದಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಕಾರ್ಕಿನ ತಳಕ್ಕಿಂತ ಸ್ವಲ್ಪ ಕೆಳಗೆ ಕತ್ತಿಗೆ ಹಿಡಿದು, ಅಲುಗಾಡಿಸದೆ ಹೆಚ್ಚುಕಡಿಮೆ ಒಂದು ನಿಮಿಷ ಬಿಡಬೇಕು. ಇಕ್ಕಳ ತೆಗೆದೊಡನೆ ಅದೇ ಜಾಗಕ್ಕೆ ಐಸ್ ನೀರಲ್ಲಿ ಅದ್ದಿದ ಬಟ್ಟೆ ಸುತ್ತಬೇಕು. ‘ಟಿಕ್’ ಎಂದು ಸಣ್ಣ ಸದ್ದು, ಗಾಜಿನ ಮೇಲೆ ನೂಲಿನಷ್ಟು ತೆಳುವಾದ ಉಂಗುರದ ಗೆರೆ. ಮೇಲಿನ ತುಂಡು ಕಾರ್ಕ್ ಸಮೇತ ಕೈಗೆ ಬರುತ್ತದೆ. ಬಿಸಿಯಾದ ಗಾಜು ಹಿಗ್ಗಿರುವಾಗ ಥಟ್ಟನೆ ತಣ್ಣಗಾದರೆ ಆ ಗೆರೆಯುದ್ದಕ್ಕೂ ಸೆಳೆತ ಹುಟ್ಟಿ ಸೀಳುತ್ತದೆ, ಅಷ್ಟೆ. ಸದ್ದು ಬರದಿದ್ದರೆ ಬಲವಂತವಾಗಿ ಮುರಿಯದೆ ಮತ್ತೆ ಕಾಯಿಸಬೇಕು. ಜೋರು ಮಾಡಿದಾಗಲೇ ಗಾಜು ಓರೆಕೋರೆ ಒಡೆಯುವುದು. ದಪ್ಪ ಕೈಗವಸು, ಕನ್ನಡಕ ಇರಲೇಬೇಕು. ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸಿ, ವೈನನ್ನು ಮಸ್ಲಿನ್ ಬಟ್ಟೆಯ ಮೂಲಕವೇ ಇಳಿಸಬೇಕು.

ತಿಳಿ ಬಗ್ಗಿಸುವುದು

ಶುದ್ಧವಾದ, ಯಾವ ವಾಸನೆಯೂ ಇಲ್ಲದ ಡಿಕ್ಯಾಂಟರ್ (ತಿಳಿ ವೈನ್ ಬಗ್ಗಿಸಿಕೊಳ್ಳುವ ಗಾಜಿನ ಹೂಜಿ), ಒಂದು ಆಲಿಕೆ, ಸೋಪು ತಾಗದ ಮಸ್ಲಿನ್ ಬಟ್ಟೆ, ಬಾಟಲಿಯ ಕತ್ತಿನ ಹಿಂದೆ ಒಂದು ದೀಪ. ಬಟ್ಟೆ ಸೋಪಿನಲ್ಲಿ ಒಗೆದದ್ದಾದರೆ ಅದರ ವಾಸನೆ ವೈನಿಗೆ ಇಳಿಯುತ್ತದೆ. ಬರೀ ಬಿಸಿನೀರಲ್ಲಿ ಕುದಿಸಿ ಒಣಗಿಸಿದ್ದಾಗಬೇಕು. ಕಾಫಿ ಸೋಸುವ ಕಾಗದ ಕೊನೆಯ ಉಪಾಯ, ಅದರಲ್ಲಿ ಕಾಗದದ ರುಚಿ ಹತ್ತುತ್ತದೆ.

ಒಮ್ಮೆ ಬಗ್ಗಿಸಲು ಶುರುಮಾಡಿದರೆ ನಡುವೆ ನಿಲ್ಲಿಸುವಂತಿಲ್ಲ. ನಿಲ್ಲಿಸಿ ಬಾಟಲಿ ನೆಟ್ಟಗೆ ಮಾಡಿದೊಡನೆ ವೈನ್ ಹಿಂದಕ್ಕೆ ಹೊಯ್ದಾಡಿ ಗಸಿ ಕಲಕುತ್ತದೆ. ಸಣ್ಣ ಧಾರೆ, ಒಂದೇ ವೇಗ. ದೀಪದ ಬೆಳಕಲ್ಲಿ ಮೊದಲು ಮಾಣಿಕ್ಯದಂತೆ ತಿಳಿಯಾಗಿ ಹರಿಯುತ್ತದೆ. ಮುಕ್ಕಾಲು ಬಾಟಲಿ ಮುಗಿದ ಮೇಲೆ ಹೆಗಲಿನ ತಿರುವಿನಲ್ಲಿ ಹೊಗೆಯ ಎಳೆಯೊಂದು ತೆವಳಿ ಬರುವುದು ಕಾಣುತ್ತದೆ. ಅದು ಕತ್ತಿಗೆ ಬಂದ ಕ್ಷಣ ನಿಲ್ಲಿಸಬೇಕು. 50ರಿಂದ 100 ಮಿಲಿಲೀಟರ್ ಬಾಟಲಿಯಲ್ಲೇ ಉಳಿಯುತ್ತದೆ. ಲೋಭಕ್ಕೆ ಬಿದ್ದು ಅದನ್ನೂ ಸುರಿದರೆ ಇಡೀ ಡಿಕ್ಯಾಂಟರ್ ಮಂಕಾಗಿ, ನಾಲಿಗೆಗೆ ಮರಳು ಮರಳಾದ ಕಹಿ ಸಿಗುತ್ತದೆ. ಗಸಿ ವಿಷವಲ್ಲ, ಬೇರೆ ಲೋಟದಲ್ಲಿ ಬಟ್ಟೆಯಲ್ಲಿ ಸೋಸಿ ರುಚಿ ನೋಡಲು ಅಡ್ಡಿಯಿಲ್ಲ.

ಯಾವಾಗ ಬಗ್ಗಿಸಬೇಕು ಎಂಬುದರ ಬಗ್ಗೆ ಜಗಳ ಮುಗಿಯುವುದಿಲ್ಲ. 1970, 1977ರಂಥ ಗಟ್ಟಿಮುಟ್ಟಾದವು ಎರಡರಿಂದ ನಾಲ್ಕು ಗಂಟೆ ಗಾಳಿಯನ್ನು ಬೇಡುತ್ತವೆ. ಎಂಬತ್ತು ತೊಂಬತ್ತು ವರ್ಷದವನ್ನು ಕುಡಿಯುವ ಅರ್ಧ ಗಂಟೆ ಮುಂಚೆ ಬಗ್ಗಿಸಿದರೆ ಸಾಕು. ಅವು ಬಾಡಲು ಶುರುವಾದರೆ ಮತ್ತೆ ಏಳುವುದಿಲ್ಲ. ಸಂದೇಹವಿದ್ದರೆ ತಡವಾಗಿ ಬಗ್ಗಿಸುವುದೇ ಜಾಣತನ. ಗಾಳಿ ಸಾಲದಿದ್ದರೆ ಲೋಟದಲ್ಲಿ ಕೊಡಬಹುದು, ಹೆಚ್ಚಾದದ್ದನ್ನು ಹಿಂತೆಗೆದುಕೊಳ್ಳಲಾಗದು.

ಲೋಟದಲ್ಲಿ

ಉಷ್ಣತೆ 16ರಿಂದ 18 ಡಿಗ್ರಿ ಸೆಲ್ಸಿಯಸ್. ಇದಕ್ಕಿಂತ ಬಿಸಿಯಾದರೆ ಆಲ್ಕೋಹಾಲ್ ಮೊದಲು ಹಾರಿ ಮೂಗನ್ನು ಸುಡುತ್ತದೆ, ತಣ್ಣಗಾದರೆ ಘಮ ಏಳುವುದೇ ಇಲ್ಲ. ಪೋರ್ಟಿಗೆಂದು ಮಾರುವ ಬೆರಳುದ್ದದ ಪುಟಾಣಿ ಲೋಟಗಳು ಈ ಕೆಲಸಕ್ಕೆ ನಿರುಪಯುಕ್ತ: ಮೂಗು ಇಳಿಸಲು ಜಾಗವಿಲ್ಲ. ಪೋರ್ಚುಗಲ್‌ನ ವಾಸ್ತುಶಿಲ್ಪಿ ಆಲ್ವಾರೊ ಸೀಜಾ ಪೋರ್ಟಿಗಾಗಿಯೇ ರೂಪಿಸಿದ ಲೋಟವಿದೆ. ಅದಿಲ್ಲದಿದ್ದರೆ ಬಾಯಿ ಕಿರಿದಾದ ಬಿಳಿ ವೈನ್ ಲೋಟ ಸಾಕು. ಸುರಿಯುವುದು 50 ಮಿಲಿಲೀಟರ್. ಅಷ್ಟರಲ್ಲೇ 10 ಮಿಲಿಲೀಟರ್ ಶುದ್ಧ ಆಲ್ಕೋಹಾಲ್ ಇದೆ, ಆದ್ದರಿಂದ ಹಲವು ಬಾಟಲಿ ನೋಡುವವರು ಉಗುಳಲು ಪಾತ್ರೆ ಇಟ್ಟುಕೊಳ್ಳಬೇಕು. ಸಾಲಾಗಿ ನೋಡುವುದಿದ್ದರೆ ಹಳೆಯದು ಮೊದಲು. ಎಳೆಯದರ ಒಗರು ಒಮ್ಮೆ ನಾಲಿಗೆ ಹಿಡಿದರೆ ಹಳೆಯದರ ನವಿರು ಕಾಣುವುದಿಲ್ಲ.

ಬಣ್ಣ ನೋಡಲು ಲೋಟವನ್ನು ಬಿಳಿ ಹಾಳೆಯ ಮೇಲೆ ಓರೆ ಮಾಡಬೇಕು. ನಡುವೆ ದಾಳಿಂಬೆ ಕೆಂಪು ಇನ್ನೂ ಉಳಿದು, ಅಂಚಿಗೆ ಇಟ್ಟಿಗೆ, ಅದರಾಚೆ ಜೇನುಬಣ್ಣದ ತೆಳು ಗೆರೆ: ಇದು ಚೆನ್ನಾಗಿ ಮಾಗಿದ್ದು. ಕೆಳಗಿನ ಮುದ್ರಿತ ಅಕ್ಷರ ಸಲೀಸಾಗಿ ಓದಲು ಬಂದರೂ ಚಿಂತೆಯಿಲ್ಲ. ಹೊಳಪಿಲ್ಲದ, ಚಹಾದ ಚರಟದಂಥ ಕಂದು ಇದ್ದರೆ ಮಾತ್ರ ಗಾಳಿ ಹೊಕ್ಕಿದೆ.

ಮೂಗಿನ ವಿಷಯ ಬಂದಾಗ ಕಾಯುವುದೇ ಪರೀಕ್ಷೆ. ದಶಕಗಳ ಕಾಲ ಗಾಳಿಯಿಲ್ಲದೆ ಇದ್ದ ವೈನಿನಿಂದ ಮೊದಲು ಹೊರಡುವ ಮುಚ್ಚಿಟ್ಟ ವಾಸನೆ ಹತ್ತರಿಂದ ಮೂವತ್ತು ನಿಮಿಷದಲ್ಲಿ ಹಾರಿಹೋಗುತ್ತದೆ. ಕಾರ್ಕಿನಿಂದ ಬರುವ ಟಿಸಿಎ ಎಂಬ ಸಂಯುಕ್ತದ ಮುಗ್ಗಲು ಹೋಗುವುದಿಲ್ಲ, ಗಾಳಿಯಾಡಿದಷ್ಟೂ ಬಲಿಯುತ್ತದೆ. ಒದ್ದೆ ರಟ್ಟಿನ ಆ ವಾಸನೆಯ ಕೆಳಗೆ ಹಣ್ಣೆಲ್ಲ ಸತ್ತಿರುತ್ತದೆ. ಹಾಗಾಗಿ ಎರಡನ್ನೂ ಮೊದಲ ಮೂಸಿಗೆ ಬೇರ್ಪಡಿಸಲು ಹೋಗಬೇಡಿ, ಗಡಿಯಾರ ಬೇರ್ಪಡಿಸುತ್ತದೆ. ಉಗುರಿಗೆ ಹಚ್ಚುವ ಬಣ್ಣದ ವಾಸನೆಯ ಸುಳಿವು ಸ್ವಲ್ಪ ಇದ್ದರೆ ಹಳೆಯ ಪೋರ್ಟಿನಲ್ಲಿ ಕ್ಷಮ್ಯ, ಕೆಲವೊಮ್ಮೆ ಅದೇ ಘಮವನ್ನು ಎತ್ತಿಕೊಡುತ್ತದೆ. ವಿನೆಗರಿನ ಚುಚ್ಚು ಕ್ಷಮ್ಯವಲ್ಲ. ಮೆಂತ್ಯ ಹುರಿದಂಥ ವಾಸನೆ ಬಂದರೆ ಆಶ್ಚರ್ಯಪಡಬೇಡಿ: ಮೆಂತ್ಯದ ಘಮಕ್ಕೆ ಕಾರಣವಾದ ಸೊಟೊಲಾನ್ ಎಂಬ ಅಣುವೇ ಆಕ್ಸಿಜನ್ ಸೋಕಿ ಮಾಗುವ ಪೋರ್ಟಿನಲ್ಲೂ ಹುಟ್ಟುತ್ತದೆ. ಟಾನಿಯಲ್ಲಿ ಅದು ಮನೆಮಗ. ವಿಂಟೇಜ್‌ನಲ್ಲಿ ಅತಿಥಿಯಂತೆ ಬಂದುಹೋದರೆ ಸರಿ, ಮನೆಯೇ ಅದರದಾದರೆ ಕಾರ್ಕ್ ಸೋತಿದೆ ಎಂದರ್ಥ.

ಬಾಯಿಗೆ ತೆಗೆದುಕೊಳ್ಳುವುದು ಒಂದು ಚಮಚದಷ್ಟು, ಹೆಚ್ಚು ಬೇಡ. ನಾಲಿಗೆಯ ಮೇಲೆ ಹರಡಿ ಹತ್ತು ಸೆಕೆಂಡ್ ಹಿಡಿಯಿರಿ. ಮೊದಲು ಸಿಹಿ, ಹಿಂದೆಯೇ ಸ್ಪಿರಿಟ್ಟಿನ ಬಿಸುಪು ಸಿಗುತ್ತದೆ. ಗಮನವಿಡಬೇಕಾದ್ದು ಇವೆರಡರ ನಡುವಿನ ಜಾಗದ ಮೇಲೆ. ಅಲ್ಲಿ ಇನ್ನೂ ಏನಾದರೂ ಇದೆಯೇ? ಒಣ ಅಂಜೂರವೋ, ಕಿತ್ತಳೆ ಸಿಪ್ಪೆಯೋ, ತಂಬಾಕೋ, ಕಪ್ಪು ಚಾಕಲೇಟೋ? ಇದ್ದರೆ ಮೂರೂ ಒಂದೇ ಎಳೆಯಾಗಿ ಗಂಟಲಿಗಿಳಿಯುತ್ತವೆ, ಬಿಸುಪು ಎದೆಯಲ್ಲಿ ಮೆಲ್ಲಗೆ ಹರಡುತ್ತದೆ. ಇಲ್ಲದಿದ್ದರೆ ಸಿಹಿ ನಾಲಿಗೆಯ ತುದಿಯಲ್ಲೇ ಉಳಿದು, ಸ್ಪಿರಿಟ್ ಬೇರೆಯಾಗಿ ಗಂಟಲು ಸುಡುತ್ತದೆ. ಅದು ಕೆಟ್ಟದ್ದಲ್ಲ, ಸವೆದದ್ದು. ಆ ಬಾಟಲಿಯ ಕಾಲ ಹತ್ತಿಪ್ಪತ್ತು ವರ್ಷದ ಹಿಂದೆಯೇ ಮುಗಿದಿತ್ತು.

ಸ್ಪಿರಿಟ್ಟಿನ ಗುಣವೂ ಇಲ್ಲಿ ಬಯಲಾಗುತ್ತದೆ. ಇಪ್ಪತ್ತನೆಯ ಶತಮಾನದ ಬಹುಕಾಲ ಮನೆತನಗಳಿಗೆ ತಮ್ಮ ಸ್ಪಿರಿಟ್ ತಾವೇ ಆರಿಸುವ ಸ್ವಾತಂತ್ರ್ಯವಿರಲಿಲ್ಲ. ಸರ್ಕಾರಿ ವ್ಯವಸ್ಥೆ ಕೊಟ್ಟದ್ದನ್ನೇ ಸುರಿಯಬೇಕಿತ್ತು. 1990ರ ದಶಕದಲ್ಲಷ್ಟೇ ಆ ಬಿಗಿ ಸಡಿಲವಾಯಿತು. ಪೀಪಾಯಿಯ ಐದನೆಯ ಒಂದು ಭಾಗ ಸ್ಪಿರಿಟ್ಟೇ ಆದ್ದರಿಂದ, ಹಣ್ಣು ಹಿಂದೆ ಸರಿದ ಕಾಲಕ್ಕೆ ಅದರ ಒರಟುತನವನ್ನು ಮುಚ್ಚಿಡಲು ಏನೂ ಉಳಿದಿರುವುದಿಲ್ಲ.

ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಎಣಿಸಿ. ದೊಡ್ಡ ವರ್ಷದ ಒಳ್ಳೆಯ ಬಾಟಲಿ ನಿಮಿಷ ದಾಟಿಸುತ್ತದೆ, ಮತ್ತು ಆ ನಿಮಿಷದೊಳಗೇ ರುಚಿ ಬದಲಾಗುತ್ತದೆ. ಬರೆದಿಟ್ಟುಕೊಳ್ಳುವವರು ಸುರಿದೊಡನೆ, ಅರ್ಧ ಗಂಟೆಗೆ, ಎರಡು ಗಂಟೆಗೆ, ನಾಲ್ಕು ಗಂಟೆಗೆ ಹೀಗೆ ಬೇರೆ ಬೇರೆ ಸಾಲು ಬರೆಯಬೇಕು; ಒಂದೇ ಸಾಲಿನ ಟಿಪ್ಪಣಿ ಹಳೆಯ ಪೋರ್ಟಿಗೆ ಅನ್ಯಾಯ. ಚೀಸು, ಬೀಜ, ಚಾಕಲೇಟು ಏನಿದ್ದರೂ ಆಮೇಲೆ. ನೀಲಿ ಸ್ಟಿಲ್ಟನ್ ಚೀಸಿನ ಜೊತೆ ಪೋರ್ಟ್ ಕುಡಿಯುವ ಇಂಗ್ಲಿಷರ ಪದ್ಧತಿ ಎಳೆಯ ವಿಂಟೇಜಿಗೆ ಚೆನ್ನ, ಎಂಬತ್ತು ವರ್ಷದ ಬಾಟಲಿಯನ್ನು ಅದು ನುಂಗಿಬಿಡುತ್ತದೆ.

ಉಳಿದದ್ದನ್ನು ಡಿಕ್ಯಾಂಟರಿನಲ್ಲೇ ಬಿಡಬೇಡಿ. ಚಿಕ್ಕ ಬಾಟಲಿಗೆ ಕಂಠಪೂರ್ತಿ ತುಂಬಿ, ಮುಚ್ಚಿ, ಫ್ರಿಜ್ಜಿನಲ್ಲಿಟ್ಟರೆ ಇನ್ನೊಂದೆರಡು ದಿನ ತಡೆಯುತ್ತದೆ. ಲೋಟವನ್ನು ಮಾತ್ರ ಅಂದೇ ತೊಳೆಯದೆ ಮೇಜಿನ ಮೇಲೆ ಬಿಡಿ. ಬೆಳಗಾಗುವಷ್ಟರಲ್ಲಿ ಆಲ್ಕೋಹಾಲ್ ಹಾರಿ, ತಳದಲ್ಲಿ ಒಣಗಿದ ಕೆಂಗಂದು ಉಂಗುರ ಉಳಿದಿರುತ್ತದೆ. ಸ್ಪಿರಿಟ್ಟಿನ ಘಾಟಿಲ್ಲದೆ ಆ ವೈನನ್ನು ಮೂಸಲು ಸಿಗುವ ಒಂದೇ ಅವಕಾಶ ಅದು: ದೇವದಾರು, ಒಣ ಅಂಜೂರ, ಕೆಲವೊಮ್ಮೆ ರಾತ್ರಿಯೆಲ್ಲ ಎಷ್ಟು ಹುಡುಕಿದರೂ ಸಿಗದಿದ್ದ ಗುಲಾಬಿ.